ಪಾರ್ಕಿನ್ಸನ್ ಕಾಯಿಲೆಯಲ್ಲಿ ಬೀಳುವಿಕೆಯ ಅಪಾಯಕಾರಿ ಅಂಶಗಳು

ಪಾರ್ಕಿನ್ಸನ್ ಕಾಯಿಲೆಯಲ್ಲಿ ಬೀಳುವಿಕೆ ಎಂದರೆ ಈ ಕಾಯಿಲೆ ಇರುವ ವ್ಯಕ್ತಿಯು ತನ್ನ ಇಚ್ಛೆಯಿಲ್ಲದೆ ಸಮತೋಲನ ತಪ್ಪಿ ನೆಲಕ್ಕೆ ಅಥವಾ ತಾನಿದ್ದ ಮಟ್ಟಕ್ಕಿಂತ ಕೆಳಕ್ಕೆ ಬೀಳುವುದು. ಇದು ಕಾಯಿಲೆಯ ಮಧ್ಯಮ ಮತ್ತು ಮುಂದುವರಿದ ಹಂತಗಳಲ್ಲಿ ಸಾಮಾನ್ಯವಾಗಿ ಕಂಡುಬರುತ್ತದೆ. ಸೊಂಟದ ಮೂಳೆ ಮುರಿತ, ತಲೆಗೆ ಪೆಟ್ಟು, ಆಸ್ಪತ್ರೆ ವಾಸ ಹಾಗೂ ಸ್ವತಂತ್ರ ಓಡಾಟವನ್ನು ಕಳೆದುಕೊಳ್ಳುವುದು ಇದರ ಪ್ರಮುಖ ಪರಿಣಾಮಗಳು. ಬೀಳುವ ಸಾಧ್ಯತೆಯನ್ನು ಹೆಚ್ಚಿಸುವ ಕಾರಣಗಳನ್ನು ಅಪಾಯಕಾರಿ ಅಂಶಗಳು ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ಕೆಲವು ಕಾಯಿಲೆಯಿಂದಲೇ ಬರುತ್ತವೆ. ಕೆಲವು ಔಷಧಿಗಳಿಂದ, ವಯಸ್ಸಿನಿಂದ ಮತ್ತು ಮನೆ-ಬೀದಿಗಳ ಸ್ಥಿತಿಯಿಂದ ಉಂಟಾಗುತ್ತವೆ. ವಯಸ್ಸು, ಕಾಯಿಲೆಯ ಅವಧಿ ಮುಂತಾದವನ್ನು ಬದಲಾಯಿಸಲಾಗದು. ಆದರೆ ರಕ್ತದೊತ್ತಡದ ಕುಸಿತ, ಔಷಧಿಯ ವೇಳೆ, ಸ್ನಾಯುಗಳ ದುರ್ಬಲತೆ, ಬಚ್ಚಲಿನ ಜಾರು ನೆಲ ಮುಂತಾದವನ್ನು ಸರಿಪಡಿಸಲು ಸಾಧ್ಯವಿದೆ.

ಈ ಲೇಖನವು ಬೀಳುವಿಕೆಯ ಸಾಮಾನ್ಯ ಅಪಾಯಕಾರಿ ಅಂಶಗಳನ್ನು ವಿವರಿಸುತ್ತದೆ. ಜೊತೆಗೆ ಕರ್ನಾಟಕದ ಬೆಳಗಾವಿ ನಗರ ಹಾಗೂ ಖಾನಾಪುರ ತಾಲೂಕಿನ ಪರಿಸರದಲ್ಲಿ ಅವು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನೂ ತಿಳಿಸುತ್ತದೆ.

ಹಿನ್ನೆಲೆ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕಾಯಿಲೆಯನ್ನು ವಿವರಿಸಿದನು. ನಡುಕದ ಜೊತೆಗೆ, ರೋಗಿಯು ಮುಂದಕ್ಕೆ ಬಾಗುವುದನ್ನೂ, ನಡೆಯುತ್ತಿರುವಾಗಲೇ ಹೆಜ್ಜೆಗಳು ತಾವಾಗಿ ಓಟಕ್ಕೆ ತಿರುಗುವುದನ್ನೂ ಅವನು ಗುರುತಿಸಿದ್ದನು. ಆಯುರ್ವೇದದಲ್ಲಿ ಇದನ್ನು ಹೋಲುವ ಲಕ್ಷಣಗಳನ್ನು ಕಂಪವಾತ ಎಂಬ ಹೆಸರಿನಲ್ಲಿ ಹೇಳಲಾಗಿದೆ.

ಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗದಲ್ಲಿ ಡೋಪಮೈನ್ ಉತ್ಪಾದಿಸುವ ನರಕೋಶಗಳು ಕ್ರಮೇಣ ನಾಶವಾಗುವುದು ಈ ಕಾಯಿಲೆಯ ಮೂಲ. ಇದರಿಂದ ಚಲನೆ ನಿಧಾನವಾಗುವುದು, ಸ್ನಾಯುಗಳ ಬಿಗಿತ, ವಿಶ್ರಾಂತಿಯಲ್ಲಿರುವಾಗ ಕೈಕಾಲುಗಳ ನಡುಕ ಮತ್ತು ದೇಹದ ಭಂಗಿಯ ಅಸ್ಥಿರತೆ ಕಾಣಿಸಿಕೊಳ್ಳುತ್ತವೆ. 1967ರಲ್ಲಿ ಮಾರ್ಗರೆಟ್ ಹೋನ್ ಮತ್ತು ಮೆಲ್ವಿನ್ ಯಾರ್ ಅವರು ಕಾಯಿಲೆಯನ್ನು 5 ಹಂತಗಳಾಗಿ ವಿಂಗಡಿಸಿದರು. ಈ ವಿಂಗಡಣೆಯಲ್ಲಿ ಸಮತೋಲನದ ದೋಷ ಕಾಣಿಸಿಕೊಳ್ಳುವುದೇ 3ನೆಯ ಹಂತದ ಗುರುತು. ಬೀಳುವಿಕೆ ಸಾಮಾನ್ಯವಾಗಿ ಈ ಹಂತದಿಂದ ಹೆಚ್ಚುತ್ತದೆ.

ವ್ಯಾಪಕತೆ

ಭಾರತದಲ್ಲಿ ಪಾರ್ಕಿನ್ಸನ್ ಕಾಯಿಲೆಯ ಪ್ರಮಾಣ ಸಮುದಾಯದಿಂದ ಸಮುದಾಯಕ್ಕೆ ಬಹಳ ವ್ಯತ್ಯಾಸ ತೋರುತ್ತದೆ. 1988ರಲ್ಲಿ ಪ್ರಕಟವಾದ ಮುಂಬಯಿಯ ಪಾರ್ಸಿ ಸಮುದಾಯದ ಸಮೀಕ್ಷೆಯಲ್ಲಿ 1 ಲಕ್ಷ ಜನರಲ್ಲಿ ಸುಮಾರು 328 ಮಂದಿಗೆ ಕಾಯಿಲೆ ಕಂಡುಬಂದಿತ್ತು. ಕಾಶ್ಮೀರದ ಗ್ರಾಮೀಣ ಪ್ರದೇಶದ ಸಮೀಕ್ಷೆಯಲ್ಲಿ ಈ ಸಂಖ್ಯೆ ಸುಮಾರು 14 ಆಗಿತ್ತು. ಜನಸಂಖ್ಯೆಯಲ್ಲಿ ಹಿರಿಯರ ಪಾಲು ಎಷ್ಟಿದೆ ಎಂಬುದು ಈ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ.

ಬೀಳುವಿಕೆಯ ಕುರಿತು ಹೊರದೇಶಗಳಲ್ಲಿ ನಡೆದ ಅಧ್ಯಯನಗಳು ಪರಸ್ಪರ ಹತ್ತಿರದ ಚಿತ್ರಣವನ್ನು ನೀಡುತ್ತವೆ. 2007ರಲ್ಲಿ ಪ್ರಕಟವಾದ 6 ಅಧ್ಯಯನಗಳ ಒಟ್ಟು ವಿಶ್ಲೇಷಣೆಯ ಪ್ರಕಾರ 3 ತಿಂಗಳ ಅವಧಿಯಲ್ಲಿ ಶೇ. 46ರಷ್ಟು ರೋಗಿಗಳು ಒಮ್ಮೆಯಾದರೂ ಬಿದ್ದಿದ್ದರು. ಅದಕ್ಕೂ ಹಿಂದಿನ ವರ್ಷದಲ್ಲಿ ಬೀಳದೇ ಇದ್ದವರಲ್ಲಿಯೂ ಶೇ. 21ರಷ್ಟು ಮಂದಿ ಆ 3 ತಿಂಗಳಲ್ಲಿ ಬಿದ್ದಿದ್ದರು. 2013ರ ಇನ್ನೊಂದು ವಿಮರ್ಶೆಯು ಸುಮಾರು ಶೇ. 60ರಷ್ಟು ರೋಗಿಗಳು ಒಮ್ಮೆಯಾದರೂ, ಶೇ. 39ರಷ್ಟು ರೋಗಿಗಳು ಮತ್ತೆ ಮತ್ತೆ ಬೀಳುತ್ತಾರೆ ಎಂದು ತಿಳಿಸಿತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೋಗಿಗಳನ್ನು 20 ವರ್ಷಗಳ ಕಾಲ ಅನುಸರಿಸಿದ ಅಧ್ಯಯನದಲ್ಲಿ, ಕೊನೆಯವರೆಗೆ ಬದುಕುಳಿದಿದ್ದವರಲ್ಲಿ ಶೇ. 87ರಷ್ಟು ಮಂದಿಗೆ ಬೀಳುವ ಸಮಸ್ಯೆ ಇತ್ತು.

ಕಾಯಿಲೆ ಹೆಚ್ಚಿದಂತೆಲ್ಲ ಬೀಳುವಿಕೆಯೂ ಒಂದೇ ಸಮನೆ ಏರುವುದಿಲ್ಲ. ಇನ್ನೂ ಎದ್ದು ಓಡಾಡಬಲ್ಲ, ಆದರೆ ಸಮತೋಲನ ಕೆಟ್ಟಿರುವ ಮಧ್ಯದ ಹಂತಗಳಲ್ಲಿ ಅಪಾಯ ಅತಿ ಹೆಚ್ಚು. ಹಾಸಿಗೆ ಹಿಡಿದ ನಂತರ ಓಡಾಟವೇ ನಿಲ್ಲುವುದರಿಂದ ಬೀಳುವ ಸಂದರ್ಭಗಳೂ ಕಡಿಮೆಯಾಗುತ್ತವೆ.

ಬೀಳುವಿಕೆ ಉಂಟಾಗುವ ಬಗೆ

ಆರೋಗ್ಯವಂತ ವ್ಯಕ್ತಿಯು ಎಡವಿದಾಗ ಅಥವಾ ಯಾರಾದರೂ ತಳ್ಳಿದಾಗ ಕ್ಷಣಮಾತ್ರದಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟು ದೇಹವನ್ನು ಸರಿದೂಗಿಸಿಕೊಳ್ಳುತ್ತಾನೆ. ಅಗತ್ಯವಾದರೆ ಕೈಚಾಚಿ ಆಧಾರ ಹಿಡಿಯುತ್ತಾನೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಈ ಸ್ವಯಂಪ್ರತಿಕ್ರಿಯೆ ತಡವಾಗುತ್ತದೆ ಮತ್ತು ಚಿಕ್ಕದಾಗುತ್ತದೆ. ದೊಡ್ಡ ಹೆಜ್ಜೆಯ ಬದಲು ಹಲವು ಸಣ್ಣ ಹೆಜ್ಜೆಗಳು ಬರುತ್ತವೆ, ಅಷ್ಟರಲ್ಲಿ ದೇಹದ ಭಾರ ಪಾದಗಳ ಆಚೆಗೆ ಸರಿದಿರುತ್ತದೆ. ಕೈಗಳೂ ಬೇಗನೆ ಮುಂದೆ ಬಾರದಿರುವುದರಿಂದ ಮಣಿಕಟ್ಟಿಗಿಂತ ಸೊಂಟದ ಭಾಗವೇ ನೆಲಕ್ಕೆ ಬಡಿಯುವುದು ಹೆಚ್ಚು.

ಸಮತೋಲನದ ದೋಷಕ್ಕೆ ಡೋಪಮೈನ್ ಕೊರತೆಯೊಂದೇ ಕಾರಣವಲ್ಲ. ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು ಬಳಸುವ ಮಿದುಳುಕಾಂಡದ ಮತ್ತು ಮುಂಮಿದುಳಿನ ಕೋಶಗಳೂ ನಾಶವಾಗುತ್ತವೆ. ಬೀಳುವ ರೋಗಿಗಳಲ್ಲಿ ಈ ಕೊರತೆ ಹೆಚ್ಚಾಗಿರುವುದು ಕಂಡುಬಂದಿದೆ. ಲೆವೊಡೋಪಾ ಔಷಧಿಯಿಂದ ಬಿಗಿತ ಮತ್ತು ನಿಧಾನಗತಿ ಚೆನ್ನಾಗಿ ಸುಧಾರಿಸಿದರೂ ಸಮತೋಲನವು ಅಷ್ಟಾಗಿ ಸುಧಾರಿಸದಿರುವುದಕ್ಕೆ ಇದು ಒಂದು ವಿವರಣೆ. ಔಷಧಿಯಿಂದ ಚುರುಕಾದ ರೋಗಿಯು ಹೆಚ್ಚು ಓಡಾಡತೊಡಗಿ, ಸುಧಾರಿಸದ ಸಮತೋಲನದಿಂದಾಗಿ ಬೀಳುವುದೂ ಉಂಟು.

ಕಾಯಿಲೆಗೆ ಸಂಬಂಧಿಸಿದ ಅಪಾಯಕಾರಿ ಅಂಶಗಳು

ಹಿಂದೆ ಬಿದ್ದಿರುವುದು: ಮುಂದೆ ಬೀಳುವ ಸಾಧ್ಯತೆಯನ್ನು ಸೂಚಿಸುವ ಅತ್ಯಂತ ಬಲವಾದ ಅಂಶವಿದು. ಗಾಯವಾಗದಿದ್ದರೆ ಬಿದ್ದದ್ದನ್ನು ಯಾರಿಗೂ ಹೇಳದಿರುವುದು ಅಥವಾ ವಯಸ್ಸಾಯಿತೆಂದು ಕಡೆಗಣಿಸುವುದು ಸಾಮಾನ್ಯ. ಬೀಳುವುದರಲ್ಲಿದ್ದು ಗೋಡೆ ಹಿಡಿದು ತಪ್ಪಿಸಿಕೊಂಡ ಸಂದರ್ಭಗಳು ಸಹ ಮುನ್ಸೂಚನೆಗಳೇ ಆಗಿವೆ.

ನಡಿಗೆಯ ಸ್ತಂಭನ: ನಡೆಯುತ್ತಿರುವಾಗ ಅಥವಾ ಹೊರಡುವಾಗ ಪಾದಗಳು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುವ ಸ್ಥಿತಿಯಿದು. ತಿರುಗುವಾಗ, ಬಾಗಿಲು ದಾಟುವಾಗ, ಇಕ್ಕಟ್ಟಾದ ಜಾಗದಲ್ಲಿ ಹಾಗೂ ಅವಸರದಲ್ಲಿ ಇದು ಹೆಚ್ಚು. ಪಾದ ನಿಂತರೂ ದೇಹದ ಮೇಲ್ಭಾಗ ಮುಂದಕ್ಕೆ ಚಲಿಸುವುದರಿಂದ ರೋಗಿಯು ಮುಂದಕ್ಕೆ ಬೀಳುತ್ತಾನೆ. ಔಷಧಿಯ ಪ್ರಭಾವ ಇಳಿದ ವೇಳೆಯಲ್ಲಿ ಸ್ತಂಭನವು ಸಾಮಾನ್ಯವಾಗಿ ತೀವ್ರವಾಗಿರುತ್ತದೆ.

ನಿಧಾನ ಮತ್ತು ಕಿರುಹೆಜ್ಜೆಯ ನಡಿಗೆ: ಪಾದವನ್ನು ಎತ್ತದೆ ಎಳೆಯುತ್ತ ನಡೆಯುವುದರಿಂದ ಚಾಪೆಯ ಅಂಚು, ಹೊಸ್ತಿಲು ಮುಂತಾದ ಸಣ್ಣ ಎತ್ತರಗಳಿಗೂ ಕಾಲು ತಾಗುತ್ತದೆ. ಹೆಜ್ಜೆಗಳು ತಾವಾಗಿ ವೇಗ ಪಡೆಯುವ ಧಾವನ ನಡಿಗೆಯೂ ಅಪಾಯಕಾರಿ.

ಕಾಲಿನ ಸ್ನಾಯುಗಳ ದುರ್ಬಲತೆ: ತೊಡೆಯ ಮತ್ತು ಮೊಣಕಾಲಿನ ಸ್ನಾಯುಗಳ ಬಲ ಕುಗ್ಗಿದಾಗ ಕುರ್ಚಿಯಿಂದ ಏಳುವುದು, ಮೆಟ್ಟಿಲು ಇಳಿಯುವುದು ಕಷ್ಟವಾಗುತ್ತದೆ.

ಗ್ರಹಿಕೆ ಮತ್ತು ಗಮನದ ಕೊರತೆ: ಈ ಕಾಯಿಲೆಯಲ್ಲಿ ನಡಿಗೆಯು ತನ್ನಿಂದ ತಾನೇ ನಡೆಯುವ ಕ್ರಿಯೆಯಾಗಿ ಉಳಿಯುವುದಿಲ್ಲ, ಪ್ರತಿ ಹೆಜ್ಜೆಗೂ ಗಮನ ಬೇಕಾಗುತ್ತದೆ. ಮಾತಾಡುತ್ತ, ಮೊಬೈಲ್ ನೋಡುತ್ತ ಅಥವಾ ನೀರಿನ ಕೊಡ ಹೊತ್ತು ನಡೆಯುವಾಗ ಗಮನ ಹಂಚಿಹೋಗಿ ಬೀಳುವ ಸಾಧ್ಯತೆ ಹೆಚ್ಚುತ್ತದೆ. ಮರೆವಿನ ಕಾಯಿಲೆ ಜೊತೆಗೂಡಿದಾಗ ರೋಗಿಯು ತನ್ನ ಮಿತಿಯನ್ನು ಅರಿಯದೆ ಥಟ್ಟನೆ ಎದ್ದು ಹೊರಡುವುದುಂಟು.

ನಿಂತಾಗ ರಕ್ತದೊತ್ತಡ ಕುಸಿಯುವುದು: ಮಲಗಿದ ಸ್ಥಿತಿಯಿಂದ ಎದ್ದುನಿಂತ 3 ನಿಮಿಷಗಳೊಳಗೆ ಮೇಲಿನ ರಕ್ತದೊತ್ತಡ 20 ಮಿ.ಮೀ. ಅಥವಾ ಕೆಳಗಿನದು 10 ಮಿ.ಮೀ. ಇಳಿದರೆ ಇದನ್ನು ಗುರುತಿಸಲಾಗುತ್ತದೆ. ಪಾರ್ಕಿನ್ಸನ್ ರೋಗಿಗಳಲ್ಲಿ ಸುಮಾರು ಶೇ. 30ರಷ್ಟು ಮಂದಿಯಲ್ಲಿ ಇದು ಕಂಡುಬರುತ್ತದೆ. ಕಣ್ಣು ಕತ್ತಲೆ ಬರುವುದು, ಕುತ್ತಿಗೆ ಮತ್ತು ಭುಜಗಳಲ್ಲಿ ನೋವು, ನಿಂತೊಡನೆ ಕಾಲು ಸೋಲುವುದು ಇದರ ಲಕ್ಷಣಗಳು. ಹೊಟ್ಟೆ ತುಂಬ ಊಟ ಮಾಡಿದ ನಂತರ, ಬಿಸಿನೀರಿನ ಸ್ನಾನದ ನಂತರ ಮತ್ತು ಬೇಸಿಗೆಯಲ್ಲಿ ಇದು ಹೆಚ್ಚಾಗುತ್ತದೆ.

ಮೂತ್ರದ ಅವಸರ ಮತ್ತು ನಿದ್ರೆಯ ತೊಂದರೆ: ರಾತ್ರಿ ಹಲವು ಸಲ ಮೂತ್ರಕ್ಕೆ ಏಳಬೇಕಾಗುವುದರಿಂದ ಕತ್ತಲೆ, ಅವಸರ, ನಿದ್ದೆಗಣ್ಣು ಮತ್ತು ಔಷಧಿಯ ಇಳಿಕೆ ಇವೆಲ್ಲ ಒಂದೇ ವೇಳೆಗೆ ಕೂಡುತ್ತವೆ. ಕನಸಿನಲ್ಲಿ ಕೈಕಾಲು ಬಡಿಯುವ ನಿದ್ರಾದೋಷದಿಂದ ಮಂಚದಿಂದ ಉರುಳಿ ಬೀಳುವುದೂ ಉಂಟು.

ದೃಷ್ಟಿದೋಷ: ಬಣ್ಣ ಮತ್ತು ಬೆಳಕಿನ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುವ ಶಕ್ತಿ ಈ ಕಾಯಿಲೆಯಲ್ಲಿ ಕುಗ್ಗುತ್ತದೆ. ಒಂದೇ ಬಣ್ಣದ ಮೆಟ್ಟಿಲುಗಳ ಅಂಚು ಕಾಣದೆ ಹೋಗುತ್ತದೆ. ಕಣ್ಣಿನ ಪೊರೆ ಇದ್ದರೆ ತೊಂದರೆ ಹೆಚ್ಚುತ್ತದೆ. ಓದುವುದಕ್ಕೂ ದೂರದ ನೋಟಕ್ಕೂ ಒಂದೇ ಕನ್ನಡಕ ಬಳಸುವವರಿಗೆ ಮೆಟ್ಟಿಲಿಳಿಯುವಾಗ ಕೆಳಗಿನ ಮೆಟ್ಟಿಲು ಮಸುಕಾಗಿ ಕಾಣುತ್ತದೆ.

ಬೀಳುವ ಭಯ: ಒಮ್ಮೆ ಬಿದ್ದವರು ಹೊರಗೆ ಹೋಗುವುದನ್ನೇ ಬಿಡಬಹುದು. ಓಡಾಟ ನಿಂತರೆ ಸ್ನಾಯುಗಳು ಮತ್ತಷ್ಟು ಸೊರಗಿ ಸಮತೋಲನ ಕೆಡುತ್ತದೆ. ಹೀಗೆ ಭಯವು ಬೀಳುವಿಕೆಯ ಪರಿಣಾಮವಾಗಿರುವಂತೆಯೇ ಅದಕ್ಕೆ ಕಾರಣವೂ ಆಗುತ್ತದೆ.

ಕಾಯಿಲೆಯ ಆರಂಭದಲ್ಲೇ ಬೀಳುವುದು

ಸಮತೋಲನ ಕೆಟ್ಟು ಮತ್ತೆ ಮತ್ತೆ ಬೀಳುವುದು ಕಾಯಿಲೆ ಆರಂಭವಾದ 3 ವರ್ಷಗಳ ಒಳಗೇ ಕಾಣಿಸಿಕೊಂಡರೆ ಅದು ಪಾರ್ಕಿನ್ಸನ್ ಕಾಯಿಲೆಗೆ ವಿಶಿಷ್ಟವಾದ ಲಕ್ಷಣವಲ್ಲ. 2015ರ ಅಂತರರಾಷ್ಟ್ರೀಯ ರೋಗನಿರ್ಣಯ ಮಾನದಂಡಗಳು ಇದನ್ನು ಎಚ್ಚರಿಕೆಯ ಚಿಹ್ನೆಯೆಂದು ಪರಿಗಣಿಸುತ್ತವೆ. ಅಂತಹ ರೋಗಿಗಳಲ್ಲಿ ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ ಮುಂತಾದ ಬೇರೆ ಕಾಯಿಲೆಗಳಿವೆಯೇ ಎಂದು ನರರೋಗ ತಜ್ಞರು ಪರೀಕ್ಷಿಸುತ್ತಾರೆ.

ಔಷಧಿಗೆ ಸಂಬಂಧಿಸಿದ ಅಂಶಗಳು

ಲೆವೊಡೋಪಾ ಮತ್ತು ಕಾರ್ಬಿಡೋಪಾ ಮಿಶ್ರಣ ಈ ಕಾಯಿಲೆಯ ಪ್ರಮುಖ ಔಷಧಿ. ಇದು ಭಾರತದ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಕೆಲವು ವರ್ಷಗಳ ಬಳಕೆಯ ನಂತರ ಒಂದು ಗುಳಿಗೆಯ ಪ್ರಭಾವ ಮುಂದಿನ ಗುಳಿಗೆಯ ವೇಳೆಗೆ ಮೊದಲೇ ಇಳಿಯತೊಡಗುತ್ತದೆ. ಗುಳಿಗೆ ತಪ್ಪಿದರೆ ಅಥವಾ ತಡವಾದರೆ ಸ್ತಂಭನ ಹೆಚ್ಚಿ ರೋಗಿಯು ಬೀಳಬಹುದು. ಪ್ರಭಾವ ಏರಿದ ವೇಳೆಯಲ್ಲಿ ಉಂಟಾಗುವ ಅನೈಚ್ಛಿಕ ಚಲನೆಗಳಿಂದಲೂ ಸಮತೋಲನ ತಪ್ಪಬಹುದು. ಹೆಚ್ಚು ಪ್ರೋಟೀನ್ ಇರುವ ಆಹಾರದ ಜೊತೆಗೆ ಅಥವಾ ಕಬ್ಬಿಣಾಂಶದ ಗುಳಿಗೆಯ ಜೊತೆಗೆ ತೆಗೆದುಕೊಂಡರೆ ಕೆಲವರಲ್ಲಿ ಲೆವೊಡೋಪಾದ ಪರಿಣಾಮ ತಗ್ಗುತ್ತದೆ.

ನಿದ್ರೆಯ ಗುಳಿಗೆಗಳು, ರಕ್ತದೊತ್ತಡ ಇಳಿಸುವ ಔಷಧಿಗಳು ಮತ್ತು ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಮುಂತಾದ ಔಷಧಿಗಳೂ ಬೀಳುವ ಅಪಾಯವನ್ನು ಹೆಚ್ಚಿಸಬಹುದು. ಪಾರ್ಕಿನ್ಸನ್ ಔಷಧಿಗಳೇ ರಕ್ತದೊತ್ತಡವನ್ನು ತಗ್ಗಿಸುವುದರಿಂದ, ಹಿಂದೆ ಅಗತ್ಯವಾಗಿದ್ದ ರಕ್ತದೊತ್ತಡದ ಗುಳಿಗೆ ಈಗಲೂ ಅದೇ ಪ್ರಮಾಣದಲ್ಲಿ ಬೇಕೇ ಎಂಬುದನ್ನು ವೈದ್ಯರು ಮರುಪರಿಶೀಲಿಸಬೇಕಾಗುತ್ತದೆ.

ಡೋಪಮೈನ್ ಕ್ರಿಯೆಯನ್ನು ತಡೆಯುವ ಔಷಧಿಗಳು ವಿಶೇಷ ಎಚ್ಚರಿಕೆಗೆ ಅರ್ಹವಾಗಿವೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್ ಮತ್ತು ಸಿನ್ನರಿಜಿನ್, ತಲೆನೋವಿಗೆ ಕೊಡುವ ಫ್ಲುನರಿಜಿನ್ ಹಾಗೂ ಮಾನಸಿಕ ಉದ್ವೇಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಇವು ಪಾರ್ಕಿನ್ಸನ್ ಲಕ್ಷಣಗಳನ್ನು ಉಲ್ಬಣಗೊಳಿಸಬಲ್ಲವು. ಕಾಯಿಲೆ ಇಲ್ಲದವರಲ್ಲಿ ಸಹ ಅಂತಹ ಲಕ್ಷಣಗಳನ್ನು ಉಂಟುಮಾಡಬಲ್ಲವು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ರೋಗಿಗಳು ‘ಚಕ್ಕರ್ ಬಂತು’ ಅಥವಾ ‘ಜೋಲಿ ಹೋಯಿತು’ ಎಂದು ಹೇಳುವಾಗ ತಲೆಸುತ್ತು, ಕಣ್ಣು ಕತ್ತಲೆ, ಸಮತೋಲನ ತಪ್ಪುವುದು ಇವುಗಳಲ್ಲಿ ಯಾವುದನ್ನಾದರೂ ಸೂಚಿಸುತ್ತಿರಬಹುದು. ಬಿದ್ದ ರೋಗಿಗೆ ತಲೆಸುತ್ತೆಂದು ಭಾವಿಸಿ ಸಿನ್ನರಿಜಿನ್ ಕೊಟ್ಟರೆ ಬೀಳುವಿಕೆ ಹೆಚ್ಚಾಗುವ ಸಾಧ್ಯತೆಯಿದೆ. ಆದ್ದರಿಂದ ಎದ್ದುನಿಂತಾಗ ಆಯಿತೇ, ತಿರುಗುವಾಗ ಆಯಿತೇ, ಸುತ್ತಲಿನ ವಸ್ತುಗಳು ತಿರುಗಿದಂತೆ ಕಂಡವೇ ಎಂಬ ಪ್ರಶ್ನೆಗಳು ಚಿಕಿತ್ಸೆಯ ದಿಕ್ಕನ್ನು ನಿರ್ಧರಿಸುತ್ತವೆ.

ನಸುಗುನ್ನಿ ಬೀಜದಲ್ಲಿ ಸಹಜವಾಗಿಯೇ ಲೆವೊಡೋಪಾ ಇರುತ್ತದೆ. ಅದರ ಪುಡಿಯನ್ನು ವೈದ್ಯರಿಗೆ ತಿಳಿಸದೆ ಗುಳಿಗೆಗಳ ಜೊತೆಗೆ ಸೇವಿಸಿದರೆ ಔಷಧಿಯ ಒಟ್ಟು ಪ್ರಮಾಣ ಹೆಚ್ಚಿ ರಕ್ತದೊತ್ತಡ ಕುಸಿಯಬಹುದು ಅಥವಾ ಅನೈಚ್ಛಿಕ ಚಲನೆಗಳು ಹೆಚ್ಚಬಹುದು.

ಬೆಳಗಾವಿ ಮತ್ತು ಖಾನಾಪುರದ ಪರಿಸರ

ಬೆಳಗಾವಿ ನಗರ ಮತ್ತು ಅದರಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರ ಪಟ್ಟಣ ಪಶ್ಚಿಮ ಘಟ್ಟಗಳ ಅಂಚಿನ ಪ್ರದೇಶದಲ್ಲಿವೆ. ಖಾನಾಪುರ ತಾಲೂಕಿನ ಪಶ್ಚಿಮ ಭಾಗದಲ್ಲಿ, ವಿಶೇಷವಾಗಿ ಮಲಪ್ರಭಾ ನದಿ ಹುಟ್ಟುವ ಕಣಕುಂಬಿ ಹಾಗೂ ಜಾಂಬೋಟಿ ಸುತ್ತಮುತ್ತ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆಯಾಗುತ್ತದೆ. ಈ ತಿಂಗಳುಗಳಲ್ಲಿ ಅಂಗಳದ ಕಲ್ಲುಹಾಸು, ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು ಮತ್ತು ಬಾವಿಕಟ್ಟೆಗಳ ಮೇಲೆ ಪಾಚಿ ಬೆಳೆದು ಜಾರುತ್ತದೆ. ಗದ್ದೆಯ ಬದುಗಳು ಇಕ್ಕಟ್ಟಾಗಿದ್ದು ಕೆಸರಾಗಿರುತ್ತವೆ. ಪಾದವನ್ನು ಎಳೆಯುತ್ತ ನಡೆಯುವ ರೋಗಿಗೆ ಕೆಸರಿನಲ್ಲಿ ಸಿಕ್ಕಿಕೊಳ್ಳುವ ಹವಾಯಿ ಚಪ್ಪಲಿ ಅಪಾಯಕಾರಿ.

ಹಳೆಯ ಮನೆಗಳಲ್ಲಿ ಬೀಳುವಿಕೆಗೆ ಅನುಕೂಲವಾಗುವ ಸಂಗತಿಗಳು ಹೀಗಿವೆ:

- ಪಡಸಾಲೆ, ಅಡುಗೆಮನೆ ಮತ್ತು ಕೋಣೆಗಳ ನಡುವಿನ ಎತ್ತರದ ಹೊಸ್ತಿಲುಗಳು. ಬಾಗಿಲಿನ ಇಕ್ಕಟ್ಟು ಸ್ತಂಭನವನ್ನು ತರುತ್ತದೆ, ಹೊಸ್ತಿಲು ಎಡವಿಸುತ್ತದೆ.
- ಹಿತ್ತಲಿನಲ್ಲಿರುವ ಶೌಚಾಲಯ ಮತ್ತು ಬಚ್ಚಲು. ರಾತ್ರಿ ಮಳೆಯಲ್ಲಿ ಅಂಗಳ ದಾಟಿ ಹೋಗಬೇಕಾಗುತ್ತದೆ.
- ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ. ಅಲ್ಲಿಂದ ಏಳುವಾಗ ಕಾಲಿನ ಬಲ ಸಾಲದೆ ಹೋಗುವುದರ ಜೊತೆಗೆ ರಕ್ತದೊತ್ತಡವೂ ಕುಸಿಯುತ್ತದೆ.
- ನೆಲದ ಮೇಲೆ ಚಾಪೆ ಹಾಸಿ ಮಲಗುವುದು ಮತ್ತು ನೆಲದ ಮೇಲೆ ಕುಳಿತು ಉಣ್ಣುವುದು. ನೆಲದಿಂದ ಏಳುವುದು ಈ ರೋಗಿಗಳಿಗೆ ಅತಿ ಕಠಿಣವಾದ ಚಲನೆಗಳಲ್ಲಿ ಒಂದು.
- ಪಾದ ಮುಚ್ಚುವಷ್ಟು ಉದ್ದದ ಧೋತರ, ಲುಂಗಿ ಅಥವಾ ಸೀರೆಯ ನೆರಿಗೆ.
- ನಯಗೊಳಿಸಿದ ಟೈಲ್ಸ್ ನೆಲದ ಮೇಲೆ ಚೆಲ್ಲಿದ ನೀರು.

ಬೆಳಗಾವಿ ನಗರದ ಅಪಾಯಗಳು ಬೇರೆ ಬಗೆಯವು. ಗಣಪತಿ ಗಲ್ಲಿ, ಖಡೇಬಜಾರ್ ಮುಂತಾದ ಮಾರುಕಟ್ಟೆ ಬೀದಿಗಳಲ್ಲಿ ಜನದಟ್ಟಣೆ, ದ್ವಿಚಕ್ರ ವಾಹನಗಳು ಮತ್ತು ಅಂಗಡಿಯ ಮುಂದೆ ಚಾಚಿದ ಸಾಮಾನುಗಳ ನಡುವೆ ದಾರಿ ಹುಡುಕಬೇಕಾಗುತ್ತದೆ. ಇಕ್ಕಟ್ಟು, ಗದ್ದಲ, ಅವಸರ, ಪದೇಪದೇ ತಿರುಗುವುದು ಇವು ನಡಿಗೆಯ ಸ್ತಂಭನವನ್ನು ಪ್ರಚೋದಿಸುವ ಸನ್ನಿವೇಶಗಳೇ ಆಗಿವೆ. ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವುದು, ಕೂರುವ ಮೊದಲೇ ಬಸ್ಸು ಹೊರಡುವುದು ಸಹ ಬೀಳುವ ಸಂದರ್ಭಗಳು. ಅಡಿಗೆ ಸಿಗುವ ಆಧಾರಗಳು ಮನೆಯಲ್ಲಿ ಪರಿಚಿತವಾಗಿದ್ದರೂ ಬೀದಿಯಲ್ಲಿ ಹಾಗಿರುವುದಿಲ್ಲ. ಆದರೂ ರೋಗಿಗಳು ಹೆಚ್ಚಿನ ವೇಳೆಯನ್ನು ಮನೆಯಲ್ಲೇ ಕಳೆಯುವುದರಿಂದ ಮನೆಯೊಳಗಿನ ಬೀಳುವಿಕೆಗಳೇ ಸಾಮಾನ್ಯ.

ಅಪಾಯದ ಮೌಲ್ಯಮಾಪನ

2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಸರಳ ವಿಧಾನವು ಮೂರು ಅಂಶಗಳನ್ನು ಮಾತ್ರ ಕೇಳುತ್ತದೆ:

1. ಕಳೆದ 12 ತಿಂಗಳಲ್ಲಿ ಬಿದ್ದಿದ್ದಾರೆಯೇ?
2. ಕಳೆದ 1 ತಿಂಗಳಲ್ಲಿ ನಡಿಗೆಯ ಸ್ತಂಭನ ಉಂಟಾಗಿದೆಯೇ?
3. ಸಹಜ ನಡಿಗೆಯ ವೇಗವು ಸೆಕೆಂಡಿಗೆ 1.1 ಮೀಟರ್‌ಗಿಂತ ಕಡಿಮೆಯೇ?

ಮೂರಕ್ಕೂ ಉತ್ತರ ‘ಇಲ್ಲ’ ಎಂದಾದರೆ ಮುಂದಿನ 6 ತಿಂಗಳಲ್ಲಿ ಬೀಳುವ ಸಾಧ್ಯತೆ ಶೇ. 17, ಮಧ್ಯಮ ಅಪಾಯದ ಗುಂಪಿನಲ್ಲಿ ಸುಮಾರು ಶೇ. 51, ಹೆಚ್ಚಿನ ಅಪಾಯದ ಗುಂಪಿನಲ್ಲಿ ಶೇ. 85. ಈ ಪರೀಕ್ಷೆಗೆ ಯಂತ್ರಗಳು ಬೇಕಿಲ್ಲ. ನೆಲದ ಮೇಲೆ 4 ಮೀಟರ್ ಅಳೆದು, ಅದನ್ನು ದಾಟಲು ಸುಮಾರು 3.6 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ ಎಂದು ನೋಡಿದರೆ ಸಾಕು. ಹೀಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಇದನ್ನು ಮಾಡಬಹುದು.

ತಜ್ಞರು ಇದರ ಜೊತೆಗೆ ಹಿಂದಿನಿಂದ ಭುಜ ಹಿಡಿದು ಎಳೆದು ಸಮತೋಲನ ನೋಡುವ ಪರೀಕ್ಷೆ, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ಮರಳಿ ಕೂರುವ ಪರೀಕ್ಷೆ, ಮಲಗಿದಾಗ ಮತ್ತು ನಿಂತಾಗಿನ ರಕ್ತದೊತ್ತಡದ ಅಳತೆ, ದೃಷ್ಟಿ ತಪಾಸಣೆ ಹಾಗೂ ನೆನಪಿನ ಪರೀಕ್ಷೆಗಳನ್ನು ನಡೆಸುತ್ತಾರೆ. ಎಳೆಯುವ ಪರೀಕ್ಷೆಯನ್ನು ತರಬೇತಿ ಪಡೆದವರು ಮಾತ್ರ ಮಾಡಬೇಕು. ಬಿದ್ದ ದಿನ, ವೇಳೆ, ಜಾಗ, ಏನು ಮಾಡುತ್ತಿದ್ದರು ಮತ್ತು ಕೊನೆಯ ಗುಳಿಗೆ ಎಷ್ಟು ಹೊತ್ತಿನ ಹಿಂದೆ ತೆಗೆದುಕೊಂಡಿದ್ದರು ಎಂಬುದನ್ನು ಮನೆಯವರು ಬರೆದಿಟ್ಟರೆ ಕಾರಣವನ್ನು ಪತ್ತೆಹಚ್ಚಲು ನೆರವಾಗುತ್ತದೆ.

ಪರಿಣಾಮಗಳು

ಪಾರ್ಕಿನ್ಸನ್ ರೋಗಿಗಳಲ್ಲಿ ಮೂಳೆಯ ಸಾಂದ್ರತೆ ಕಡಿಮೆ ಇರುವುದು ಸಾಮಾನ್ಯ. ಓಡಾಟದ ಕೊರತೆ, ತೂಕ ಇಳಿಕೆ ಮತ್ತು ವಿಟಮಿನ್ ಡಿ ಕೊರತೆ ಇದಕ್ಕೆ ಕಾರಣಗಳು. ಆದ್ದರಿಂದ ನಿಂತ ಎತ್ತರದಿಂದ ಬಿದ್ದರೂ ಸೊಂಟದ ಮೂಳೆ ಮುರಿಯಬಹುದು. ಶಸ್ತ್ರಚಿಕಿತ್ಸೆಯ ನಂತರ ಗೊಂದಲ, ನ್ಯುಮೋನಿಯಾ ಮತ್ತು ಹಾಸಿಗೆ ಹುಣ್ಣುಗಳ ಅಪಾಯ ಇವರಲ್ಲಿ ಹೆಚ್ಚು. ಅನೇಕರು ಮುರಿತಕ್ಕೆ ಮುಂಚಿನ ಓಡಾಟದ ಮಟ್ಟಕ್ಕೆ ಮರಳುವುದಿಲ್ಲ. ಆರೈಕೆಯ ಹೊಣೆ ಹೊತ್ತ ಪತಿ, ಪತ್ನಿ ಅಥವಾ ಸೊಸೆ ಸಾಮಾನ್ಯವಾಗಿ ತಾವೂ ದಣಿದಿರುತ್ತಾರೆ. ಬೀಳುತ್ತಿರುವವರನ್ನು ಹಿಡಿಯಲು ಹೋಗಿ ಅವರೂ ಗಾಯಗೊಳ್ಳುವುದುಂಟು.

ತಡೆಗಟ್ಟುವಿಕೆ

ವ್ಯಾಯಾಮ: 2022ರ ಕಾಕ್ರೇನ್ ವಿಮರ್ಶೆಯ ಪ್ರಕಾರ ವ್ಯಾಯಾಮವು ಬೀಳುವಿಕೆಯ ಪ್ರಮಾಣವನ್ನು ಸುಮಾರು ಶೇ. 26ರಷ್ಟು ತಗ್ಗಿಸುತ್ತದೆ. 2012ರ ಅಮೆರಿಕದ ಅಧ್ಯಯನವೊಂದರಲ್ಲಿ ತಾಯ್ ಚಿ ಅಭ್ಯಾಸ ಮಾಡಿದವರು ಕೇವಲ ಮೈಚಾಚುವ ವ್ಯಾಯಾಮ ಮಾಡಿದವರಿಗಿಂತ ಕಡಿಮೆ ಬಾರಿ ಬಿದ್ದರು. 2015ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸಮತೋಲನ ಮತ್ತು ಕಾಲಿನ ಬಲದ ವ್ಯಾಯಾಮವು ಕಾಯಿಲೆ ಸೌಮ್ಯವಾಗಿದ್ದವರಲ್ಲಿ ಬೀಳುವಿಕೆಯನ್ನು ಶೇ. 69ರಷ್ಟು ತಗ್ಗಿಸಿತು, ಕಾಯಿಲೆ ತೀವ್ರವಾಗಿದ್ದವರಲ್ಲಿ ಅಂತಹ ಲಾಭ ಕಾಣಲಿಲ್ಲ. ಆದ್ದರಿಂದ ಮೊದಲ ಸಲ ಬೀಳುವ ಮುಂಚೆಯೇ ವ್ಯಾಯಾಮ ಆರಂಭಿಸುವುದು ಹಾಗೂ ಮುಂದುವರಿದ ಹಂತದಲ್ಲಿ ಭೌತಚಿಕಿತ್ಸಕರ ನಿಗಾದಲ್ಲಿ ಮಾತ್ರ ಮಾಡುವುದು ಸೂಕ್ತ.

ಸ್ತಂಭನಕ್ಕೆ ಉಪಾಯಗಳು: ಕಾಲು ನಿಂತಾಗ ಮುಂದಕ್ಕೆ ನುಗ್ಗಬಾರದು. ನಿಂತು, ನೆಟ್ಟಗಾಗಿ, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿ, ಬಳಿಕ ಒಂದು ದೊಡ್ಡ ಹೆಜ್ಜೆ ಇಡಬೇಕು. ‘ಒಂದು-ಎರಡು’ ಎಂದು ಎಣಿಸುವುದು, ತಾಳಕ್ಕೆ ತಕ್ಕಂತೆ ನಡೆಯುವುದು, ನೆಲದ ಮೇಲೆ ಅಡ್ಡಲಾಗಿ ಅಂಟಿಸಿದ ಬಣ್ಣದ ಪಟ್ಟಿಗಳನ್ನು ದಾಟುವುದು ಅನೇಕರಿಗೆ ನೆರವಾಗುತ್ತದೆ. ತಿರುಗುವಾಗ ಒಂದೇ ಕಾಲಿನ ಮೇಲೆ ಗಿರಕ್ಕನೆ ತಿರುಗದೆ ಅಗಲವಾದ ಸುತ್ತು ಹಾಕಬೇಕು. ಜೊತೆಗಿರುವವರು ಕೈಹಿಡಿದು ಎಳೆಯಬಾರದು ಮತ್ತು ಅವಸರಪಡಿಸಬಾರದು.

ರಕ್ತದೊತ್ತಡ: ಹಾಸಿಗೆಯಿಂದ ಏಳುವಾಗ ಮೊದಲು ಕೆಲವು ನಿಮಿಷ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಆಡಿಸಿ, ನಂತರ ಆಧಾರ ಹಿಡಿದು ನಿಲ್ಲಬೇಕು. ಸಾಕಷ್ಟು ನೀರು ಕುಡಿಯುವುದು, ಒಂದೇ ಸಲ ಹೆಚ್ಚು ಉಣ್ಣದಿರುವುದು ಸಹಾಯಕ. ಉಪ್ಪಿನ ಪ್ರಮಾಣ ಮತ್ತು ಔಷಧಿಗಳನ್ನು ವೈದ್ಯರ ಸಲಹೆಯಂತೆಯೇ ಬದಲಿಸಬೇಕು.

ಮನೆಯ ಮಾರ್ಪಾಡು: ಬಚ್ಚಲು ಮತ್ತು ಶೌಚಾಲಯದ ಗೋಡೆಗೆ ಹಿಡಿಕೆ, ಜಾರದ ರಬ್ಬರ್ ಹಾಸು, ಕುಳಿತು ಸ್ನಾನ ಮಾಡಲು ಗಟ್ಟಿ ಸ್ಟೂಲು, ಎತ್ತರದ ಕಮೋಡ್ ಅಥವಾ ಕಮೋಡ್ ಕುರ್ಚಿ, ಹೊಸ್ತಿಲಿಗೆ ಎದ್ದುಕಾಣುವ ಬಣ್ಣ, ಮೆಟ್ಟಿಲಿನ ಅಂಚಿಗೆ ಬಿಳಿ ಪಟ್ಟಿ, ರಾತ್ರಿ ಸಣ್ಣ ದೀಪ, ವಿದ್ಯುತ್ ಹೋದಾಗ ಕೈಗೆಟಕುವ ಟಾರ್ಚ್ ಇವು ಹೆಚ್ಚು ವೆಚ್ಚವಿಲ್ಲದ ಕ್ರಮಗಳು. ಹಿತ್ತಲಿನ ಶೌಚಾಲಯವಿರುವ ಮನೆಗಳಲ್ಲಿ ರಾತ್ರಿಯ ಬಳಕೆಗೆ ಹಾಸಿಗೆಯ ಪಕ್ಕದಲ್ಲೇ ಮೂತ್ರಪಾತ್ರೆ ಇಡಬಹುದು. ಮಳೆಗಾಲಕ್ಕೆ ಮೊದಲು ಅಂಗಳದ ಪಾಚಿಯನ್ನು ಉಜ್ಜಿ ತೆಗೆಯಬೇಕು. ಹಿಮ್ಮಡಿಗೆ ಪಟ್ಟಿಯುಳ್ಳ, ಪಾದಕ್ಕೆ ಬಿಗಿಯಾಗಿ ಕೂರುವ ಪಾದರಕ್ಷೆ ಉತ್ತಮ.

ಊರುಗೋಲು ಮತ್ತು ವಾಕರ್: ಪ್ರತಿ ಹೆಜ್ಜೆಗೂ ಎತ್ತಿಡಬೇಕಾದ ವಾಕರ್ ಕೆಲವರಲ್ಲಿ ಸ್ತಂಭನವನ್ನು ಹೆಚ್ಚಿಸುತ್ತದೆ. ಬ್ರೇಕ್ ಇರುವ ಚಕ್ರದ ವಾಕರ್ ಅಂಥವರಿಗೆ ಹೊಂದಬಹುದು. ಸಾಧನವನ್ನು ಭೌತಚಿಕಿತ್ಸಕರ ಮುಂದೆ ಬಳಸಿ ನೋಡಿ ಆರಿಸುವುದು ಒಳ್ಳೆಯದು.

ಔಷಧಿ ಮತ್ತು ಶಸ್ತ್ರಚಿಕಿತ್ಸೆ: ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಪ್ರಮಾಣ ಹೆಚ್ಚಿಸುವ ರಿವಾಸ್ಟಿಗ್ಮಿನ್ ಔಷಧಿಯು ಬೀಳುವಿಕೆಯನ್ನು ತಗ್ಗಿಸಬಹುದೆಂದು 2016ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವೊಂದು ಸೂಚಿಸಿತು. ಮಿದುಳಿನ ಆಳದ ವಿದ್ಯುತ್ ಪ್ರಚೋದನೆಯ ಶಸ್ತ್ರಚಿಕಿತ್ಸೆ ನಡುಕ ಮತ್ತು ಬಿಗಿತಕ್ಕೆ ಪರಿಣಾಮಕಾರಿಯಾದರೂ, ಲೆವೊಡೋಪಾಗೆ ಸ್ಪಂದಿಸದ ಸಮತೋಲನ ದೋಷಕ್ಕೆ ಸಾಮಾನ್ಯವಾಗಿ ಪರಿಹಾರವಾಗುವುದಿಲ್ಲ.

ಬಿದ್ದ ನಂತರದ ಕ್ರಮ

ಬಿದ್ದವರನ್ನು ತಕ್ಷಣ ತೋಳು ಹಿಡಿದು ಎಳೆದೆಬ್ಬಿಸಬಾರದು. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ತೊಡೆಸಂದಿನಲ್ಲಿ ನೋವಿದ್ದರೆ ಅಥವಾ ಕಾಲೂರಲಾಗದಿದ್ದರೆ ಸೊಂಟದ ಮೂಳೆ ಮುರಿದಿರುವ ಸಂಶಯವಿರುತ್ತದೆ. ಆಗ ಕಾಲನ್ನು ತಿಕ್ಕುವುದು, ಎಳೆಯುವುದು, ಎಣ್ಣೆ ಹಚ್ಚಿ ಕಟ್ಟುವುದು ಹಾನಿಕರ. ಅಲುಗಿಸದೆ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ತಲೆಗೆ ಪೆಟ್ಟಾಗಿದ್ದು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಹೊರಗೆ ಗಾಯವಿಲ್ಲದಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಗಾಯವಿಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಮೊಣಕಾಲೂರಿ, ಗಟ್ಟಿ ಕುರ್ಚಿಯ ಆಧಾರದಿಂದ ನಿಧಾನವಾಗಿ ಏಳಲು ನೆರವಾಗಬೇಕು.

ಆಸ್ಪತ್ರೆಗೆ ಸೇರಿಸಿದಾಗ ಲೆವೊಡೋಪಾವನ್ನು ಎಂದಿನ ವೇಳೆಗೇ ಮುಂದುವರಿಸುವುದು ಅತ್ಯಗತ್ಯ. ಅದನ್ನು ಥಟ್ಟನೆ ನಿಲ್ಲಿಸಿದರೆ ತೀವ್ರ ಬಿಗಿತ, ಜ್ವರ ಮತ್ತು ಪ್ರಾಣಾಪಾಯದ ಸ್ಥಿತಿ ಉಂಟಾಗಬಹುದು. ಗುಳಿಗೆಗಳ ಹೆಸರು, ಪ್ರಮಾಣ, ವೇಳೆ ಹಾಗೂ ಕೊಡಬಾರದ ಔಷಧಿಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ರೋಗಿಯ ಜೊತೆಗೇ ಇಟ್ಟಿರುವುದು ಉಪಯುಕ್ತ.

ಆರೋಗ್ಯ ಸೌಲಭ್ಯಗಳು

ಬೆಳಗಾವಿ ನಗರದಲ್ಲಿ ಜಿಲ್ಲಾ ಆಸ್ಪತ್ರೆಯನ್ನು ಒಳಗೊಂಡ ಸರ್ಕಾರಿ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬಿಮ್ಸ್) ಮತ್ತು 1916ರಲ್ಲಿ ಸ್ಥಾಪನೆಯಾದ ಕೆ.ಎಲ್.ಇ. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಗಳಿವೆ. ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಅದೇ ಸಂಸ್ಥೆಯ ಭೌತಚಿಕಿತ್ಸಾ ಕಾಲೇಜೂ ನಗರದಲ್ಲಿದೆ. ಖಾನಾಪುರ ಪಟ್ಟಣದಲ್ಲಿ ಸರ್ಕಾರಿ ತಾಲೂಕು ಆಸ್ಪತ್ರೆಯಿದೆ.

ತಾಲೂಕಿನ ಪಶ್ಚಿಮದ ಕಾಡಿನ ಹಳ್ಳಿಗಳಿಗೆ ಈ ಸೌಲಭ್ಯಗಳು ದೂರ. ಭೀಮಗಡ ವನ್ಯಜೀವಿ ಧಾಮದ ಒಳಗಿನ ಆಮಗಾಂವದಂತಹ ಊರುಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಹೊತ್ತು ರಸ್ತೆಯವರೆಗೆ ತರಬೇಕಾದ ಪ್ರಸಂಗಗಳು ವರದಿಯಾಗಿವೆ. ಅಂತಹ ಕಡೆ ಮೂಳೆ ಮುರಿತದ ಚಿಕಿತ್ಸೆ ತಡವಾಗುವುದರಿಂದ ಬೀಳುವಿಕೆಯನ್ನು ಮೊದಲೇ ತಡೆಯುವುದಕ್ಕೆ, ಮಳೆಗಾಲಕ್ಕೆ ಸಾಕಾಗುವಷ್ಟು ಗುಳಿಗೆಗಳನ್ನು ಮುಂಚಿತವಾಗಿ ತಂದಿಡುವುದಕ್ಕೆ ಹೆಚ್ಚಿನ ಮಹತ್ವವಿದೆ.

ಕಾನೂನಿನ ಮಾನ್ಯತೆ

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆ. ಅರ್ಹ ರೋಗಿಗಳು ವೈದ್ಯಕೀಯ ತಪಾಸಣೆಯ ನಂತರ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿಯನ್ನು ಪಡೆಯಬಹುದು. ಪ್ರತಿವರ್ಷ ಜೇಮ್ಸ್ ಪಾರ್ಕಿನ್ಸನ್‌ನ ಜನ್ಮದಿನವಾದ ಏಪ್ರಿಲ್ 11ನ್ನು ವಿಶ್ವ ಪಾರ್ಕಿನ್ಸನ್ ದಿನವಾಗಿ ಆಚರಿಸಲಾಗುತ್ತದೆ.

ಇವನ್ನೂ ನೋಡಿ

- ಪಾರ್ಕಿನ್ಸನ್ ಕಾಯಿಲೆ
- ಲೆವೊಡೋಪಾ
- ಅಸ್ಥಿರಂಧ್ರತೆ
- ಭೌತಚಿಕಿತ್ಸೆ
- ಬೆಳಗಾವಿ
- ಖಾನಾಪುರ